ಪಾಳಿ ಮುಗಿದ ಮೇಲೆ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಅಸುನೀಗಿದರು. ಸತ್ತವರ ಲೆಕ್ಕವೂ ಬದುಕುಳಿದವರ ಲೆಕ್ಕವೂ ಪತ್ರಿಕೆಗಳಲ್ಲಿ ಬಂದವು. ಆದರೆ ಗಾಯಾಳುಗಳ ಮೈಯಿಂದ ಸಿಮೆಂಟಿನ ಧೂಳನ್ನು ತೊಳೆದ ದಾದಿ, ಸ್ಟ್ರೆಚರ್ ತಳ್ಳಿದ ನೌಕರ, ಶವಾಗಾರದ ಬಾಗಿಲು ಕಾದವನು ಪಾಳಿ ಮುಗಿಸಿ ಮನೆಗೆ ಏನನ್ನು ಹೊತ್ತು ಹೋದರೆಂಬುದು ಇಂತಹ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮರುವರ್ಷವೇ ಕೋವಿಡ್ ಬಂದಿತು. ಎಷ್ಟೋ ರೋಗಿಗಳ ಕೊನೆಯ ಗಳಿಗೆಯಲ್ಲಿ ಅವರ ಕೈ ಹಿಡಿದದ್ದು ಮಕ್ಕಳಲ್ಲ, ಕೈಗವಸು ತೊಟ್ಟ ಅಪರಿಚಿತ ದಾದಿ.

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಶುಶ್ರೂಷೆಯ ವೃತ್ತಿ ಹಿಡಿದ ಮಗಳೋ ಸೊಸೆಯೋ ಇರುವ ಮನೆಗಳು ಅನೇಕ. ಆಕೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತರೆ, ಕಾರಣವಿಲ್ಲದೆ ಮಕ್ಕಳ ಮೇಲೆ ರೇಗಿದರೆ, "ಅಭ್ಯಾಸವಾಗಿ ಹೋಗುತ್ತದೆ ಬಿಡು" ಎನ್ನುತ್ತೇವೆ. ಅಭ್ಯಾಸವಾಗುವುದು ಕೈಗೆ, ಮನಸ್ಸಿಗೂ ಆಗುವುದೆಂದು ಯಾರು ಹೇಳಿದರು?

ಹಾಗೆಂದು ಬಾಯಿ ಬಿಡಿಸಲು ಹೊರಡುವುದೂ ಸಲ್ಲದು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಎಂಬವರು, ದುರಂತದಲ್ಲಿ ದುಡಿದವರನ್ನು ಬೇಗನೆ ಒಟ್ಟಿಗೆ ಕೂಡಿಸಿ, ಕಂಡದ್ದನ್ನೆಲ್ಲ ಹೇಳಿಸುವ ಕ್ರಮವೊಂದನ್ನು ಮುಂದಿಟ್ಟರು. ಅದು ಬಹಳ ಕಡೆ ರೂಢಿಗೂ ಬಂದಿತು. ಆದರೆ ಒಂದೇ ಬೈಠಕ್ಕಿನಲ್ಲಿ ಹೀಗೆ ಹೇಳಿಸುವುದರಿಂದ ಮುಂದಿನ ಬೇನೆ ತಪ್ಪುವುದಿಲ್ಲವೆಂದೂ ಕೆಲವರಿಗೆ ಕೆಡುಕೇ ಆಗಬಹುದೆಂದೂ ಸಂಶೋಧನೆಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡವೆಂದಿತು. ಆ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ದಾರಿ ಬೇರೆ: ಮೊದಲು ಎದುರಿನವರ ಸ್ಥಿತಿಯನ್ನು ನೋಡುವುದು, ಹೇಳಬಯಸಿದರೆ ಆಲಿಸುವುದು, ಬಯಸದಿದ್ದರೆ ಬಳಿಯಲ್ಲಿ ಇರುವುದು, ತಮ್ಮವರೊಡನೆಯೂ ಬೇಕಾದ ಸೇವೆಗಳೊಡನೆಯೂ ಜೋಡಿಸುವುದು. ರೋಗಿಗೂ ಅವನ ಮನೆಯವರಿಗೂ ಇದೇ ಕ್ರಮ. ಐಸಿಯು ಹೊರಗಿನ ಬೆಂಚಿನ ಮೇಲೆ ಇರುಳೆಲ್ಲ ಕೂತ ತಾಯಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಒಂದು ಲೋಟ ಚಹಾ, ಒಳಗಿನ ನಿಜವಾದ ಸುದ್ದಿ.

ಯೋಬನ ಗೆಳೆಯರು ಏಳು ದಿನ ಅವನ ಬಳಿ ಮಾತಿಲ್ಲದೆ ಕೂತರು. ಅವರು ಕೆಟ್ಟದ್ದು ಬಾಯಿ ತೆರೆದು ಕಾರಣ ವಿವರಿಸತೊಡಗಿದಾಗ. (ನಾವು ಗುರುಗಳು ಈ ಅಧ್ಯಾಯವನ್ನು ಆಗಾಗ ಓದುವುದು ಒಳ್ಳೆಯದು.)

ಆಸ್ಪತ್ರೆಗಳ ಆಡಳಿತಕ್ಕೂ ಇಲ್ಲಿ ಪಾಲಿದೆ. ಅಂತಹ ರಾತ್ರಿ ದುಡಿದವರಿಗೆ ಬಿಡುವೇ ಕೊಡದೆ ಮತ್ತೆ ಅದೇ ಪಾಳಿ ಹಾಕಿ, ಗೋಡೆಗೆ ಆಪ್ತಸಮಾಲೋಚಕರ ದೂರವಾಣಿ ಸಂಖ್ಯೆ ಅಂಟಿಸಿದರೆ ಅದನ್ನು ಬೆಂಬಲವೆನ್ನಲಾಗದು.

ಹೆಚ್ಚಿನವರು ವಿಶ್ರಾಂತಿ ಹಾಗೂ ತಮ್ಮವರ ಸಂಗದಿಂದ ಚೇತರಿಸಿಕೊಳ್ಳುತ್ತಾರೆ. ದುಃಸ್ವಪ್ನ, ಬೆಚ್ಚಿಬೀಳುವಿಕೆ, ಕೆಲಸದ ಸ್ಥಳಕ್ಕೆ ಕಾಲಿಡಲಾಗದ ಭಯ ಒಂದು ತಿಂಗಳು ದಾಟಿದರೆ ವೈದ್ಯರನ್ನು ಕಾಣಲೇಬೇಕು. ಸಂಕಟ ತೀವ್ರವಾಗಿದ್ದರೆ ಅಷ್ಟು ದಿನ ಕಾಯಲೂ ಬಾರದು. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ 1845ರಿಂದಲೂ ಇದೆ. ಇಂದು ಅದೇ ಡಿಮ್ಹಾನ್ಸ್. 'ಹುಚ್ಚರ ಆಸ್ಪತ್ರೆ' ಎಂಬ ಹಳೆಯ ಹೆಸರಿಗೆ ಅಂಜಿ ಅದರ ಗೇಟು ದಾಟಲು ಹಿಂಜರಿಯುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ-ಮಾನಸ್ ಸೇವೆ ಉಚಿತ. ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.