ಬೇಸಿಗೆಯಲ್ಲಿ ಬೀಳುವ ಐಸು



ಮೊನ್ನೆ ಟಿ.ವಿ.ಯಲ್ಲಿ ಅಮೆರಿಕಾದ ಹಿಮದ ಬಿರುಗಾಳಿ ತೋರಿಸಿದರು. ರಸ್ತೆಯೆಲ್ಲಾ ಬೆಳ್ಳಗೆ, ಕಾರುಗಳು ಜಾರಿ ಜಾರಿ ಒಂದಕ್ಕೊಂದು ಗುದ್ದುತ್ತಿದ್ದವು. ನನ್ನ ತಮ್ಮ "ನಮ್ಮ ಲಗ್ಗೆರೆಗೆ ಇದು ಯಾವಾಗ ಬರುತ್ತೆ?" ಅಂತ ಕೇಳಿದ. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. "ಬರುತ್ತಲ್ಲೋ, ಏಪ್ರಿಲ್‌ನಲ್ಲಿ" ಅಂದರು. ಅವರು ಹೇಳಿದ್ದು ಆಲಿಕಲ್ಲು ಮಳೆಯ ವಿಷಯ. ಶಿವರಾತ್ರಿ ಕಳೆಯಿತು, ಬಿಸಿಲು ಏರುತ್ತಾ ಇದೆ, ಇನ್ನು ಅದರ ಕಾಲವೇ. ಅದಕ್ಕೇ ಈ ಲೇಖನ ಬರೆದಿದ್ದೇನೆ.

ನಮ್ಮ ಅಜ್ಜಿ ಇದನ್ನು ಆನೆಕಲ್ಲು ಅನ್ನುತ್ತಾರೆ. ಚಿಕ್ಕವನಿದ್ದಾಗ ನಾನು ಆನೆಯಷ್ಟು ದೊಡ್ಡ ಕಲ್ಲು ಬೀಳುತ್ತೆ ಅಂದುಕೊಂಡು ಮಂಚದ ಕೆಳಗೆ ಹೋಗಿ ಕೂತಿದ್ದೆ.

ಈಗ ಒಂದು ಪ್ರಶ್ನೆ. ಚಳಿಗಾಲದಲ್ಲಿ ಬೀಳದ ಐಸು, ಬೆವರು ಸುರಿಯುವ ಬೇಸಿಗೆಯಲ್ಲಿ ಯಾಕೆ ಬೀಳುತ್ತೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚು ಚಳಿ ಎಂದರೆ 1884ರ ಜನವರಿ 13ರಂದು, 7.8 ಡಿಗ್ರಿ. ಅಂದರೆ ನೀರು ಹೆಪ್ಪುಗಟ್ಟುವ ಸೊನ್ನೆಗೆ ಇನ್ನೂ ಸುಮಾರು 8 ಡಿಗ್ರಿ ದೂರ! ಆದ್ದರಿಂದ ಇಲ್ಲಿ ನೆಲದ ಮೇಲೆ ಹಿಮ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತ ಬಂದರೂ (2024ರಲ್ಲಿ ಫೆಂಗಲ್ ಬಂದಿತ್ತಲ್ಲ) ನಮಗೆ ಸಿಗೋದು ಜಿಟಿಜಿಟಿ ಮಳೆ, ನೆಗಡಿ ಅಷ್ಟೆ.

ಆದರೆ ಮೇಲಕ್ಕೆ ಹೋದ ಹಾಗೆ ಗಾಳಿ ತಣ್ಣಗಾಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ನಾನು ಗುಣಿಸಿ ನೋಡಿದೆ. ಐದು ಕಿಲೋಮೀಟರಿಗೆ ಮೂವತ್ತೆರಡೂವರೆ ಡಿಗ್ರಿ. ಹಾಗಾದರೆ ನಮ್ಮ ತಲೆಯ ಮೇಲೆ ಐದಾರು ಕಿಲೋಮೀಟರ್ ಎತ್ತರದಲ್ಲಿ ಬೇಸಿಗೆಯಲ್ಲೂ ಕಾಶ್ಮೀರದ ಚಳಿ ಇದೆ! ಬಿಸಿಲಿಗೆ ಕಾದ ನೆಲದಿಂದ ಬಿಸಿ ಗಾಳಿ ನೀರಿನ ಆವಿಯನ್ನು ಹೊತ್ತುಕೊಂಡು ರಭಸವಾಗಿ ಮೇಲೇರುತ್ತದೆ. ಅದರಿಂದ ಆಗುವ ಮೋಡ 12 ಕಿಲೋಮೀಟರಿಗೂ ಮೇಲೆ ಬೆಳೆಯಬಹುದು. ಅಲ್ಲಿ ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದ ನೀರಿನ ಹನಿಗಳು ಇರುತ್ತವೆ. ಒಂದು ಸಣ್ಣ ಐಸಿನ ಚೂರು ಸಿಕ್ಕಿದ ಕೂಡಲೇ ಅವು ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಕೆಳಗಿನ ಗಾಳಿ ಕಲ್ಲನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ, ಕಲ್ಲು ದಪ್ಪ ಆಗುತ್ತಾ ಹೋಗುತ್ತದೆ. ಗಾಳಿಗೆ ಹೊರಲು ಆಗದಷ್ಟು ಭಾರವಾದಾಗ ದಬದಬ ಬೀಳುತ್ತದೆ. ಬೇಗ ಬೀಳುವುದರಿಂದ ಪೂರ್ತಿ ಕರಗಲು ಸಮಯ ಸಿಗುವುದಿಲ್ಲ. ಚಳಿಗಾಲದಲ್ಲಿ ನೆಲ ಅಷ್ಟು ಕಾಯುವುದಿಲ್ಲ, ಗಾಳಿಗೂ ಆ ಶಕ್ತಿ ಇರುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಕಡಲೆಕಾಳು, ಗೋಲಿ ಗಾತ್ರದ್ದು ಬೀಳುತ್ತೆ. ಅಮೆರಿಕಾದ ವಿವಿಯನ್ ಎಂಬ ಊರಿನಲ್ಲಿ 2010ರಲ್ಲಿ ಬಿದ್ದ ಒಂದು ಕಲ್ಲು 20 ಸೆಂಟಿಮೀಟರ್ ಅಗಲ ಇತ್ತಂತೆ. ನಮ್ಮ ದೇಶದಲ್ಲೇ ಉತ್ತರ ಪ್ರದೇಶದ ಮೊರಾದಾಬಾದ್ ಹತ್ತಿರ 1888ರ ಏಪ್ರಿಲ್ 30ರಂದು ಆಲಿಕಲ್ಲು ಬಿದ್ದು 246 ಜನ ಸತ್ತರು. ಆದ್ದರಿಂದ ತಟ್ಟೆ ತಲೆ ಮೇಲೆ ಇಟ್ಟುಕೊಂಡು ಆಯಲು ಓಡೋದು ಬೇಡ. ನಾನೂ ಓಡಿದ್ದೇನೆ, ಬೆನ್ನಿಗೆ ಬಿದ್ದ ಏಟು ನೆನಪಿದೆ.

ಆದರೆ ನಮ್ಮೂರಿನಲ್ಲಿ ಕಲ್ಲಿಗಿಂತ ಹೆಚ್ಚು ಅಪಾಯ ರಸ್ತೆಯದು. ಜನವರಿಯಿಂದ ಮಳೆ ಇಲ್ಲದೆ ರಿಂಗ್ ರೋಡಿನ ಮೇಲೆ ಪೀಣ್ಯ ಕಡೆ ಹೋಗುವ ಲಾರಿ, ಟೆಂಪೋಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ಪುಡಿ, ಧೂಳು ಎಲ್ಲಾ ಕೂತಿರುತ್ತವೆ. ಮೊದಲ ಹನಿಗಳು ಬಿದ್ದಾಗ ಎಣ್ಣೆ ನೀರಿನ ಮೇಲೆ ತೇಲಿ ಸೋಪಿನ ಹಾಗೆ ಆಗುತ್ತದೆ. ಅದರ ಮೇಲೆ ಆಲಿಕಲ್ಲು. ಸಿಮೆಂಟ್ ನೆಲದಲ್ಲಿ ಚೆಲ್ಲಿದ ರಾಗಿ ಮೇಲೆ ಕಾಲಿಟ್ಟಿದ್ದೀರಾ? ಟೈರಿನ ಗತಿಯೂ ಹಾಗೇ. ಜೋರು ಮಳೆ ಸ್ವಲ್ಪ ಹೊತ್ತು ಸುರಿದರೆ ಎಣ್ಣೆ ತೊಳೆದು ಹೋಗುತ್ತದೆ. ಅಂದರೆ ಜನ ಮನೆಗೆ ಬೇಗ ಸೇರಬೇಕೆಂದು ಗಾಡಿ ಓಡಿಸುವ ಆ ಮೊದಲ ಹತ್ತು ಹದಿನೈದು ನಿಮಿಷವೇ ಕೆಟ್ಟದ್ದು.

ಹೋದ ವರ್ಷ ಅಪ್ಪ ಬಿದ್ದಿದ್ದೂ ಆಗಲೇ. ಕೆಲಸ ಮುಗಿಸಿ ಬರುತ್ತಿದ್ದರು. ಮುಂದೆ ಆಟೋ ನಿಂತಿತು, ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದರು, ಗಾಡಿ ಜಾರ್ಕೊಂಡು ಹೋಯ್ತು. ಬಲಗೈ ಮಣಿಕಟ್ಟು ಮುರಿದು ಒಂದೂವರೆ ತಿಂಗಳು ಪಟ್ಟಿ. ಅಪ್ಪನದು ಪೀಸ್ ಲೆಕ್ಕದ ಕೆಲಸ, ಮಾಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಆ ಜೂನ್‌ನಲ್ಲಿ ನನಗೆ, ತಮ್ಮನಿಗೆ ಹಳೇ ಬ್ಯಾಗೇ ಆಯಿತು. ಅಮ್ಮ ಹೊಲಿದು ಕೊಟ್ಟರು.

ಇನ್ನೊಂದು ವಿಷಯ. ಗಾಳಿಗೆ ಉದುರಿದ ಎಲೆಗಳು ಮೋರಿ ಬಾಯಿಗೆ ಅಡ್ಡ ಕೂರುತ್ತವೆ, ಆಲಿಕಲ್ಲೂ ಅಲ್ಲೇ ರಾಶಿ ಬೀಳುತ್ತದೆ. ನೀರು ಹೋಗಲು ದಾರಿ ಇರುವುದಿಲ್ಲ. 2023ರ ಮೇ 21ರಂದು ಬೆಂಗಳೂರಿನಲ್ಲಿ ಆಲಿಕಲ್ಲು ಸಹಿತ ಮಳೆ ಆದಾಗ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ಅಂಡರ್‌ಪಾಸಿನಲ್ಲಿ ನೀರು ಎಷ್ಟು ಆಳ ಅಂತ ಮೇಲಿಂದ ಕಾಣೋದಿಲ್ಲ.

ಬರುವುದು ಹೇಗೆ ಗೊತ್ತಾಗುತ್ತೆ? ಮಧ್ಯಾಹ್ನ ತುಂಬಾ ಧಗೆ, ಒಂದು ಎಲೆಯೂ ಅಲ್ಲಾಡದು. ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತದೆ, ತಳ ಕಪ್ಪಗೆ. ಆಮೇಲೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಧೂಳೆಬ್ಬಿಸುತ್ತೆ. ಮೋಡದಿಂದ ಮಳೆ, ಕಲ್ಲಿನ ಜೊತೆ ಇಳಿದ ಗಾಳಿಯೇ ಅದು, ಅಂದರೆ ಮಳೆ ಹತ್ತಿರದಲ್ಲೇ ಇದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಈಗ ಅಪ್ಪ ಆ ತಣ್ಣನೆ ಗಾಳಿ ಬಂತು ಅಂದ್ರೆ ಯಾವುದಾದರೂ ಅಂಗಡಿ ಮುಂದೆ ಗಾಡಿ ನಿಲ್ಲಿಸಿಬಿಡ್ತಾರೆ. ಮನೆಗೆ ಬರೋದು ತಡವಾಗುತ್ತೆ, ಅಮ್ಮ ಬೈಯಲ್ಲ.

ಈ ಸಲ ಕಲ್ಲು ಬಿದ್ದರೆ, ಮಳೆ ನಿಂತ ಮೇಲೆ ದೊಡ್ಡದೊಂದನ್ನು ತಂದು ಚಾಕುವಿನಿಂದ ಎರಡು ಭಾಗ ಮಾಡಿ. ಈರುಳ್ಳಿ ಹಾಗೆ ಪದರ ಪದರ ಇರುತ್ತೆ. ಬಿಳೀ ಪದರ ಬೇಗ ಹೆಪ್ಪುಗಟ್ಟಿ ಗಾಳಿಗುಳ್ಳೆ ಸಿಕ್ಕಿಕೊಂಡದ್ದು, ಗಾಜಿನಂಥದ್ದು ನಿಧಾನಕ್ಕೆ ಹೆಪ್ಪುಗಟ್ಟಿದ್ದು. ಎಷ್ಟು ಪದರ ಇತ್ತು ಅಂತ ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ, ಜಾಗ ಬಿಟ್ಟಿದ್ದೇನೆ.

— 7ನೇ ತರಗತಿ ವಿದ್ಯಾರ್ಥಿ