ನಿಮಗಿದು ಗೊತ್ತೆ? ಮಿಡತೆಗೆ ಒಪ್ಪಿಗೆ, ರೇಷ್ಮೆಹುಳಕ್ಕೆ ತಕರಾರು

ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ನೂಲೆಂದರೆ ಖಾದಿ. ತಿ. ನರಸೀಪುರಕ್ಕೆ ಹೋದರೆ ನೂಲೆಂದರೆ ರೇಷ್ಮೆ. ಅಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕಾರ್ಖಾನೆಯೇ ಇದೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಬಿಚ್ಚಿದ ಮೇಲೆ ಕೊನೆಗೆ ಉಳಿಯುವುದು ಕಂದುಬಣ್ಣದ ಕೋಶ, ಅಂದರೆ ಗೂಡಿನೊಳಗಿನ ಹುಳು; ಘಾಟು ವಾಸನೆಯದು. ಕೊರಿಯಾದಲ್ಲಿ ಇದು ಬೀದಿಬದಿಯ ತಿಂಡಿ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಕೋಶಕ್ಕೆ ಒಳ್ಳೆಯ ಬೇಡಿಕೆ.

ಮುಸ್ಲಿಮರು ಇದನ್ನು ತಿನ್ನಬಹುದೆ?

ಮೈಸೂರು ಸೀಮೆಯಲ್ಲಿ ಹೆಚ್ಚಾಗಿರುವ ಹನಫಿ ಪಂಥದವರಿಗೂ ಕರಾವಳಿಯ ಬ್ಯಾರಿ, ನವಾಯತರು ಪಾಲಿಸುವ ಶಾಫಿ ಪಂಥದವರಿಗೂ ಕೂಡದು. ಉತ್ತರ ಆಫ್ರಿಕಾದಲ್ಲಿ ಪ್ರಬಲವಾಗಿರುವ ಮಾಲಿಕಿ ಪಂಥ ಮಾತ್ರ ಸಡಿಲ: ತಾನಾಗಿ ಸತ್ತದ್ದಾಗಿರದೆ ದೇವರ ಹೆಸರು ಹೇಳಿ ಕೊಂದ ಕೀಟವಾದರೆ ಅಡ್ಡಿಯಿಲ್ಲ ಎನ್ನುತ್ತದೆ.

ಮಿಡತೆಯ ಕಥೆಯೇ ಬೇರೆ. ಅದು ನಾಲ್ಕೂ ಸುನ್ನಿ ಪಂಥಗಳಲ್ಲಿ ಹಲಾಲ್. ಪ್ರವಾದಿಯವರ ಜೊತೆ ದಂಡಯಾತ್ರೆಗೆ ಹೋದಾಗ ಮಿಡತೆ ತಿನ್ನುತ್ತಿದ್ದೆವೆಂದು ಅವರ ಸಂಗಾತಿ ಇಬ್ನ್ ಅಬೀ ಔಫಾ ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಮೀನಿನ ಹಾಗೆ ಇದಕ್ಕೂ ಜಬಹ್ (ದೇವರ ಹೆಸರು ಹೇಳಿ ಕತ್ತು ಕೊಯ್ಯುವುದು) ಬೇಡವೆಂಬುದು ಬಹುಪಾಲು ವಿದ್ವಾಂಸರ ಮಾತು. ಜೇನುತುಪ್ಪಕ್ಕಂತೂ ಕುರಾನಿನಲ್ಲೇ ಹೊಗಳಿಕೆಯಿದೆ. 16ನೇ ಅಧ್ಯಾಯದ ಹೆಸರೇ ಜೇನುನೊಣ.

ಇನ್ನೊಂದು ಸ್ವಾರಸ್ಯ: ಅಪ್ಪಟ ರೇಷ್ಮೆ ಉಡುವುದು ಮುಸ್ಲಿಂ ಗಂಡಸರಿಗೆ ನಿಷಿದ್ಧ, ಹೆಂಗಸರಿಗಲ್ಲ. ಆದರೂ ಬಂಗಾಳದಿಂದ ಹುಳು ತರಿಸಿ ಮೈಸೂರಿನಲ್ಲಿ ರೇಷ್ಮೆ ಬೆಳೆಸಿದವನು ಟಿಪ್ಪು ಸುಲ್ತಾನ.

ಪಂಥದ ಮಾತು ಹಾಗಿರಲಿ, ಕೀಟ ಬೇಡವೆನ್ನುವ ಯಾರೇ ಆದರೂ ವಿದೇಶಿ ಮಿಠಾಯಿ ಪೊಟ್ಟಣದ ಹಿಂಬದಿ ಒಮ್ಮೆ ನೋಡಿ. ಇ120 ಎಂದಿದ್ದರೆ ಆ ಕೆಂಪು ಬಣ್ಣ ಕೊಚಿನೀಲ್ ಕೀಟದ್ದು. ಇ904 ಎಂದಿದ್ದರೆ ಹೊಳಪು ಅರಗಿನ ಹುಳುವಿನದು.