ನಿದ್ದೆಗೆಡುವವರ ಬದಲಿಗೆ ಬಂದ ಯಂತ್ರ

ಚಿಕ್ಕಪ್ಪನನ್ನು ವಾರಕ್ಕೆ ಮೂರು ಸಲ ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಲು ಶುರು ಮಾಡಿದ ಹೊಸದರಲ್ಲಿ, ಆ ಯಂತ್ರ ಕೂಗಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಕೆಂಪು ದೀಪ, ಕಿವಿಗೆ ಚುಚ್ಚುವ ಸದ್ದು. ಟೆಕ್ನಿಷಿಯನ್ ಹುಡುಗ ನಿಧಾನವಾಗಿ ಬಂದು ತೆರೆ ನೋಡಿ, ‘ಕೈ ಮಡಚಬೇಡಿ ಅಜ್ಜ, ನೆಟ್ಟಗಿಡಿ’ ಎಂದು ಗುಂಡಿ ಒತ್ತಿ ಹೋಗುತ್ತಿದ್ದ. ಸದ್ದು ನಿಲ್ಲುತ್ತಿತ್ತು. ಆ ಕೂಗಿಗೆ ಇಷ್ಟೊಂದು ಕಾರಣಗಳು ಯಾಕಿವೆ ಎಂದು ಓದುತ್ತ ಹೋದಂತೆ, ಒಂದೊಂದು ಅಲಾರಂನ ಹಿಂದೆಯೂ ಹಿಂದೆ ಯಾರೋ ಪಟ್ಟ ಪಾಡು ಕಾಣಿಸತೊಡಗಿತು.

‘ಡಯಾಲಿಸಿಸ್’ ಎಂಬ ಹೆಸರನ್ನು 1861ರಲ್ಲಿ ಕೊಟ್ಟವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ. ಅಮೆರಿಕದಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು 1913ರಲ್ಲಿ ನಾಯಿಗಳ ರಕ್ತವನ್ನು ದೇಹದ ಹೊರಗೆ ಸೋಸಿ ತೋರಿಸಿದರು. ರಕ್ತ ಹೆಪ್ಪುಗಟ್ಟದಿರಲು ಅವರಿಗೆ ಜಿಗಣೆಗಳ ತಲೆಯಿಂದ ತೆಗೆದ ರಸವೇ ಗತಿಯಾಗಿತ್ತು. 1924ರಲ್ಲಿ ಜರ್ಮನಿಯ ಗೀಸನ್‌ನಲ್ಲಿ ಗೇಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಇದನ್ನು ಪ್ರಯೋಗಿಸಿದರು. ಆದರೆ ಜೀವ ಉಳಿಸುವಷ್ಟು ಹೊತ್ತು, ಅಷ್ಟು ರಕ್ತವನ್ನು ಸೋಸುವುದು ಆಗಿರಲಿಲ್ಲ.

ಆ ಛಲ ಹಿಡಿದವರು ಹಾಲೆಂಡಿನ ವಿಲ್ಲೆಮ್ ಕೋಲ್ಫ್. 1938ರಲ್ಲಿ ಖ್ರೋನಿಂಗನ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದಾಗ, ಇಪ್ಪತ್ತರ ಆಸುಪಾಸಿನ ಒಬ್ಬ ರೈತನ ಮಗ ಅವರ ಕಣ್ಣೆದುರೇ ಕಿಡ್ನಿ ಕೈಕೊಟ್ಟು ಸತ್ತ. ದಿನಕ್ಕೆ ಒಂದಿಷ್ಟು ಗ್ರಾಂ ಯೂರಿಯಾ ಹೊರತೆಗೆದಿದ್ದರೆ ಹುಡುಗ ಉಳಿಯುತ್ತಿದ್ದನಲ್ಲ ಎಂಬ ಸಂಕಟ ಕೋಲ್ಫ್ ಅವರನ್ನು ಬಿಡಲಿಲ್ಲ. ಸಾಸೇಜ್ ಮಾಡುವವರು ಮಾಂಸ ತುಂಬಲು ಬಳಸುತ್ತಿದ್ದ ಸೆಲ್ಲೋಫೇನ್ ಕೊಳವೆ ತಂದರು. ಅದಕ್ಕೆ ಯೂರಿಯಾ ಬೆರೆಸಿದ ರಕ್ತ ತುಂಬಿ ಉಪ್ಪುನೀರಿನಲ್ಲಿ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಯೂರಿಯಾದ ಬಹುಪಾಲು ನೀರಿಗೆ ಇಳಿದಿತ್ತು.

ಅಷ್ಟರಲ್ಲಿ ಯುದ್ಧ. ಹಾಲೆಂಡ್ ನಾಜಿಗಳ ಕೈಗೆ ಹೋಯಿತು. ಕೋಲ್ಫ್ ಕಾಂಪನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಬಂದರು. ಅಲ್ಲಿನ ಎನಾಮೆಲ್ ಪಾತ್ರೆ ಕಾರ್ಖಾನೆಯ ಬೆರ್ಕ್ ಎಂಬವರ ನೆರವಿನಿಂದ ಮರದ ಪಟ್ಟಿಗಳ ಒಂದು ಪೀಪಾಯಿ ಸಿದ್ಧವಾಯಿತು. ಅದರ ಮೈಗೆ ಮಾರುಗಟ್ಟಲೆ ಸೆಲ್ಲೋಫೇನ್ ಕೊಳವೆ ಸುತ್ತಿ, ಎನಾಮೆಲ್ ತೊಟ್ಟಿಯ ಉಪ್ಪುನೀರಿನಲ್ಲಿ ಅರ್ಧ ಮುಳುಗಿಸಿ ತಿರುಗಿಸುವುದು. ತಿರುಗುವ ಪೀಪಾಯಿಗೂ ಅಲ್ಲಾಡದೆ ಮಲಗಿದ ರೋಗಿಗೂ ನಡುವೆ ಸೋರದ ಕೀಲು ಬೇಕಿತ್ತು. ಅದರ ಉಪಾಯ ಹೊಳೆದದ್ದು ಫೋರ್ಡ್ ಕಾರಿನ ನೀರಿನ ಪಂಪ್ ನೋಡಿ. 1943ರಿಂದ ಚಿಕಿತ್ಸೆ ಶುರುವಾಯಿತು. ಮೊದಲ 16 ರೋಗಿಗಳಲ್ಲಿ ಯಂತ್ರದಿಂದಲೇ ಉಳಿದರು ಎನ್ನಬಹುದಾದವರು ಒಬ್ಬರೂ ಇಲ್ಲ. ಹದಿನೇಳನೆಯವರು 67 ವರ್ಷದ ಹೆಂಗಸು. ಅದು 1945, ಯುದ್ಧ ಮುಗಿದಿತ್ತು. ನಾಜಿಗಳ ಜೊತೆ ಕೈಜೋಡಿಸಿದವಳೆಂದು ಆಕೆ ಸೆರೆಯಲ್ಲಿದ್ದಳು. ಕೋಲ್ಫ್ ರೋಗಿಯನ್ನು ಮಾತ್ರ ನೋಡಿದರು. 11 ಗಂಟೆಗಳ ಡಯಾಲಿಸಿಸ್ ಆದ ಮೇಲೆ, ಎಚ್ಚರ ತಪ್ಪಿದ್ದ ಆಕೆ ಕಣ್ಣು ಬಿಟ್ಟಳು. ಆಮೇಲೆ ಹಲವು ವರ್ಷ ಬದುಕಿದಳು. ಯುದ್ಧಕಾಲದಲ್ಲಿ ಮಾಡಿಟ್ಟ ಯಂತ್ರಗಳನ್ನು ಕೋಲ್ಫ್ ಬೇರೆ ದೇಶಗಳ ಆಸ್ಪತ್ರೆಗಳಿಗೆ ಪುಕ್ಕಟೆ ಕೊಟ್ಟರೆಂಬುದನ್ನು ಓದಿದಾಗ ನನ್ನ ಕೈ ತಾನಾಗಿ ಮುಗಿದುಕೊಂಡಿತು.

ಆ ಪೀಪಾಯಿಗೆ ಅಲಾರಂ ಇರಲಿಲ್ಲ. ಸೆಲ್ಲೋಫೇನ್ ಹರಿದರೆ ತೊಟ್ಟಿಯ ನೀರು ಕೆಂಪಾಗುತ್ತಿತ್ತು, ಅದನ್ನು ಯಾರಾದರೂ ಕಂಡರೆ ಉಂಟು. ಅಷ್ಟೂ ಹೊತ್ತು ಕಣ್ಣು ಮಿಟುಕಿಸದೆ ಜನ ಕಾಯಬೇಕಿತ್ತು.

ಮುಂದಿನ ತೊಡಕು ರಕ್ತನಾಳದ್ದು. ಪ್ರತಿ ಸಲವೂ ಹೊಸ ನಾಳ ಕೊಯ್ಯಬೇಕಾದ್ದರಿಂದ ಕೆಲವೇ ಸಲಕ್ಕೆ ಜಾಗ ಮುಗಿದುಹೋಗುತ್ತಿತ್ತು. 1960ರ ಮಾರ್ಚ್‌ನಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರ ಕಾರ್ಮಿಕನ ಮುಂಗೈಗೆ ಟೆಫ್ಲಾನ್ ಕೊಳವೆ ಕೂರಿಸಿ ಅಲ್ಲೇ ಬಿಟ್ಟರು. ಶೀಲ್ಡ್ಸ್ 11 ವರ್ಷ ಬದುಕಿದರು. 1966ರಲ್ಲಿ ನ್ಯೂಯಾರ್ಕ್‌ನ ಬ್ರೆಷಿಯಾ, ಚಿಮಿನೊ ಮತ್ತು ಸಂಗಡಿಗರು ಧಮನಿಯನ್ನೂ ಅಭಿಧಮನಿಯನ್ನೂ ಚರ್ಮದೊಳಗೇ ಜೋಡಿಸುವ ಫಿಸ್ಟುಲಾ ತಂದರು. ಚಿಕ್ಕಪ್ಪನ ಎಡಗೈಯಲ್ಲಿರುವುದೂ ಅದೇ. ಬೆರಳಿಟ್ಟರೆ ಒಳಗೆ ಜೇನುಹುಳು ಕೂತ ಹಾಗೆ ಗುಂಯ್‌ಗುಡುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅವರು ಮುಟ್ಟಿ ನೋಡಿಕೊಳ್ಳುವುದು ಅದನ್ನೇ.

ಸಿಯಾಟಲ್‌ನಲ್ಲಿ ಯಂತ್ರಗಳು ಕೆಲವೇ, ಬೇಕಾದವರು ನೂರಾರು. ಯಾರಿಗೆ ಕೊಡಬೇಕೆಂದು ನಿರ್ಧರಿಸಲು ಊರಿನವರದೇ ಒಂದು ಸಮಿತಿ ಇತ್ತು. ಹದಿಹರೆಯದ ಒಬ್ಬಳು ಶಾಲಾ ಹುಡುಗಿಗೆ ಸಮಿತಿ ಇಲ್ಲ ಎಂದಿತು. ಆಕೆಯ ಮನೆಯವರನ್ನು ಬಲ್ಲ ಆಲ್ಬರ್ಟ್ ಬಾಬ್, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಎಂಜಿನಿಯರಿಂಗ್ ಕಲಿಸುತ್ತಿದ್ದವರು. ಅವರ ತಂಡ ಹಗಲು ರಾತ್ರಿ ದುಡಿದು ಸುಮಾರು ನಾಲ್ಕು ತಿಂಗಳಲ್ಲಿ ಮನೆಯಲ್ಲೇ ಬಳಸಬಹುದಾದ ಯಂತ್ರ ಮಾಡಿತು. 1964ರಲ್ಲಿ ಅದು ಹುಡುಗಿಯ ಮನೆ ಸೇರಿತು. ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇಲ್ಲಿದೆ. ಹುಡುಗಿ ಹಗಲು ಶಾಲೆಗೆ ಹೋಗಬೇಕು, ಹಾಗಾಗಿ ಡಯಾಲಿಸಿಸ್ ರಾತ್ರಿಯೇ ಆಗಬೇಕು. ಮನೆಯವರು ದಿನಾ ನಿದ್ದೆಗೆಟ್ಟು ಕೂರಲಾಗದು. ಆದ್ದರಿಂದ ಯಂತ್ರವೇ ಎಚ್ಚರವಾಗಿರಬೇಕಾಯಿತು. ಗಟ್ಟಿ ದ್ರಾವಣಕ್ಕೆ ನೀರನ್ನು ತಾನೇ ಹದವಾಗಿ ಬೆರೆಸುವುದು, ಹದ ತಪ್ಪಿದರೆ ವಿದ್ಯುತ್ ವಾಹಕತೆಯಿಂದ ತಿಳಿದುಕೊಳ್ಳುವುದು, ಬಿಸಿ ಮತ್ತು ಒತ್ತಡ ನೋಡುವುದು, ರಕ್ತ ಸೋರಿದರೆ ಕೂಗುವುದು. ಇಂದು ವಾರ್ಡಿನಲ್ಲಿ ಕೇಳುವ ಕೂಗುಗಳ ಮೂಲ ಆ ಹುಡುಗಿಯ ಮಂಚದ ಪಕ್ಕದಲ್ಲಿದೆ.

ಆಮೇಲಿನ ಬದಲಾವಣೆಗಳು ಒಂದೊಂದಾಗಿ ಬಂದವು. ಕೂದಲಿನಷ್ಟು ಸಣ್ಣ ಟೊಳ್ಳು ಎಳೆಗಳನ್ನು ಸಾವಿರಗಟ್ಟಲೆ ತುಂಬಿದ ಡಯಲೈಸರ್ ಬಂದು ಪೀಪಾಯಿಯ ಕೆಲಸ ಮೊಳಕೈ ಉದ್ದದ ಕೊಳವೆಗೆ ಇಳಿಯಿತು. ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಒಟ್ಟಿಗಿಟ್ಟರೆ ಗಸಿಗಟ್ಟುತ್ತದೆಂದು ದ್ರಾವಣದಲ್ಲಿ ಬೈಕಾರ್ಬನೇಟ್ ಬದಲು ಅಸಿಟೇಟ್ ಬಳಸುತ್ತಿದ್ದರು. ಅದರಿಂದ ಎಷ್ಟೋ ಜನರಿಗೆ ಬಿಪಿ ಕುಸಿದು ವಾಂತಿಯಾಗುತ್ತಿತ್ತು. ಈಗ ಯಂತ್ರದ ಬುಡದಲ್ಲಿ ಅವೆರಡನ್ನೂ ಬೇರೆಯಾಗಿಟ್ಟ ಎರಡು ಕ್ಯಾನ್, ಒಂದಕ್ಕೆ ಕೆಂಪು ನಳಿಕೆ, ಇನ್ನೊಂದಕ್ಕೆ ನೀಲಿ. ಕೊನೇ ಗಳಿಗೆಯಲ್ಲಿ ಯಂತ್ರವೇ ಬೆರೆಸುತ್ತದೆ. ಮೈಯಿಂದ ನೀರು ತೆಗೆಯುವುದೂ ಹಿಂದೆ ಒತ್ತಡದ ಅಂದಾಜಿನ ಮೇಲಿತ್ತು, ಹೆಚ್ಚು ಹೋದರೆ ಮೀನಖಂಡ ಹಿಡಿದುಕೊಂಡು ರೋಗಿ ಚೀರುತ್ತಿದ್ದ. ಈಗ ಸೇರಿನಲ್ಲಿ ಅಳೆದ ಹಾಗೆ ಡಯಲೈಸರ್ ಒಳಗೆ ಎಷ್ಟು ದ್ರಾವಣ ಹೋಯಿತೋ ಅಷ್ಟೇ ಹೊರಗೆ. ತೆಗೆಯಬೇಕಾದ ನೀರಿಗೆ ಬೇರೆಯೇ ಪಂಪ್.

ಆದರೂ ಯಂತ್ರಕ್ಕೆ ಬರುವ ನೀರೇ ಕೆಟ್ಟಿದ್ದರೆ? ನಿಮಿಷಕ್ಕೆ ಅರ್ಧ ಲೀಟರ್‌ನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ರಕ್ತದ ಮಗ್ಗುಲಲ್ಲೇ ಹರಿಯುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುಆರು ಎಂಬ ಊರಲ್ಲಿ, ಕೆರೆಯ ಪಾಚಿಯ ವಿಷ ಬೆರೆತ ನೀರಿನಿಂದ ಡಯಾಲಿಸಿಸ್ ರೋಗಿಗಳು 50ಕ್ಕೂ ಹೆಚ್ಚು ಮಂದಿ ಸತ್ತರು. ವಾರ್ಡಿನ ಹಿಂದಿನ ಕೋಣೆಯಲ್ಲಿ ಗುರ್ರೆನ್ನುವ, ನೀರು ಶುದ್ಧಮಾಡುವ ಆರ್‌ಓ ಘಟಕದ ಮುಂದೆ ಹಾಯುವಾಗ ನನಗೆ ಆ ಊರು ನೆನಪಾಗುತ್ತದೆ.

ಮೊನ್ನೆ ಕರೆಂಟ್ ಹೋಯಿತು. ಟೆಕ್ನಿಷಿಯನ್ ಹುಡುಗ ರಕ್ತದ ಪಂಪಿನ ಪಕ್ಕದ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ; ಬ್ಯಾಟರಿ ಸೋತರೆ ಕೈಯಲ್ಲೇ ತಿರುಗಿಸಬೇಕು. ಜನರೇಟರ್ ಶುರುವಾಯಿತು, ಪಂಪ್ ನಿಲ್ಲಲಿಲ್ಲ. ಹುಡುಗ ಕೈ ತೆಗೆದ. ಚಿಕ್ಕಪ್ಪ ಮುಖದ ಮೇಲೆ ಟವೆಲ್ ಹಾಕಿಕೊಂಡು, ಕೈ ನೆಟ್ಟಗೇ ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.